ಇಳಿತ ಅಂದ್ರು, ಇಳೀತು ಅಂತ ಕೇಳಿಸ್ತು

ನಿಮಗೂ ಹೀಗಾಗಿದ್ಯಾ? ಟ್ರಿಪ್ಪು ಅಂತ ಎಲ್ಲೋ ಹೋಗಿರ್ತೀರಿ. ಅಲ್ಲಿಯವ್ರು ಕನ್ನಡದಲ್ಲೇ ಏನೋ ಒಂದು ಮಾತು ಹೇಳ್ತಾರೆ. ಕನ್ನಡ ತಾನೆ, ಗೊತ್ತಾಯ್ತು ಅಂತ ನೀವೂ ತಲೆ ಆಡಿಸಿಬಿಡ್ತೀರಿ. ಆಮೇಲೆ ನೋಡಿದ್ರೆ ಅವ್ರು ಹೇಳಿದ್ದೇ ಬೇರೆ, ನಿಮ್ಮ ಕಿವಿಗೆ ಬಿದ್ದಿದ್ದೇ ಬೇರೆ. ಬೇರೆಯವ್ರ ಮನೇಲಿ ಇದು ಊಟಕ್ಕೆ ಕೂತಾಗ ಹೇಳ್ಕೊಂಡು ನಗೋ ವಿಷ್ಯ. ನಮ್ಮನೇಲಿ ಹಂಗಾಗ್ಲಿಲ್ಲ.

ಮೊದ್ಲೇ ಹೇಳ್ಬಿಡ್ತೀನಿ, ಕೊನೇವರ್ಗೂ ಎಳ್ಕೊಂಡು ಹೋಗಿ ಲೈಕ್ ತಗೊಳೋ ಕಥೆ ಅಲ್ಲ ಇದು. ನನ್ನ ಮೈದುನ, ಅಂದ್ರೆ ನಮ್ಮೆಜಮಾನ್ರ ತಮ್ಮ, ಸಮುದ್ರದಲ್ಲಿ ಹೋಗ್ಬಿಟ್ಟ. ದೋಣಿಯವ್ರೇ ನೀರಿಗಿಳಿಸಿ ಸಾಯ್ಸಿದ್ರು ಅಂತ ನಮ್ಮ ಕಡೆಯವ್ರು ಸ್ಟೇಷನ್ ಹತ್ತಿದ್ರು. ಆ ದೋಣಿಯವ್ರು ಬಾಯಿ ಬಿಟ್ಟು ಹೇಳಿದ್ದು ಒಂದೇ ಪದ. ಆ ಪದ ಯಾವ್ದು ಅನ್ನೋದ್ರ ಮೇಲೆ ಆ ಮನುಷ್ಯ ಒಳಗೋ ಹೊರಗೋ ಅಂತ ನಿಂತಿತ್ತು. ಆ ಪದ ಕೇಳಿಸ್ಕೊಂಡವ್ರು ಇಬ್ರು. ಒಬ್ರು ನಮ್ಮೆಜಮಾನ್ರು, ಇನ್ನೊಬ್ಳು ನಾನು.

ನಾನು ಹುಟ್ಟಿ ಬೆಳೆದಿದ್ದು ತಿಲಕ್ ನಗರ. ಮದ್ವೆಯಾಗಿ ಬಂದಿದ್ದು ಹೊಸಕೆರೆಹಳ್ಳಿಗೆ. ನಮ್ಮ ಮಾವನವ್ರು ರಾಗಿ, ಸೊಪ್ಪು ಬೆಳೀತಿದ್ದ ಜಾಗದಲ್ಲಿ ಈಗ ನಮ್ಮ ಬಿಲ್ಡಿಂಗ್ ಇದೆ. ಕೆಳಗಡೆ ನಾವು, ನಮ್ಮ ಜೊತೆ ಅತ್ತೆ. ಮೊದಲ್ನೇ ಮಹಡೀಲಿ ಮೈದುನ, ಓರಗಿತ್ತಿ, ಅವ್ರ ಮಗಳು. ಅದ್ರ ಮೇಲೆಲ್ಲ ಬಾಡಿಗೆಯವ್ರು. ನಮ್ಮೆಜಮಾನ್ರದ್ದು ಹಾರ್ಡ್‌ವೇರ್ ಅಂಗಡಿ. ಮೈದುನ ಶಾಮಿಯಾನ, ಚೇರು, ದೊಡ್ಡ ಪಾತ್ರೆ ಎಲ್ಲಾ ಫಂಕ್ಷನ್ನಿಗೆ ಬಾಡಿಗೆ ಕೊಡ್ತಿದ್ದ. ನಾನು ಈ ಮನೆಗೆ ಬಂದಾಗ ಅವನಿನ್ನೂ ಹೈಸ್ಕೂಲು. ಸ್ಕೂಲಿಂದ ಬಂದು ಬ್ಯಾಗ್ ಎಸೆದು, 'ಅತ್ತಿಗೆ, ತಿನ್ನಕ್ಕೇನಿದೆ' ಅಂತ ಅಡಿಗೆಮನೆಗೆ ನುಗ್ಗೋನು. ಹೆಂಡ್ತಿ ಬಂದ್ಮೇಲೂ ಆ ಚಾಳಿ ಬಿಡ್ಲಿಲ್ಲ.

ಅಣ್ಣ ತಮ್ಮ ಇಬ್ರಿಗೂ ಗಾಳದ ಹುಚ್ಚು. ಚಿಕ್ಕೋರಿದ್ದಾಗ ಕೆರೆಗೆ ಬೇಲಿ ಗೀಲಿ ಇರ್ಲಿಲ್ಲ. ಎರೆಹುಳ ಅಗೆದು ಡಬ್ಬಕ್ಕೆ ಹಾಕ್ಕೊಂಡು ಹೋಗಿ ದಡದಲ್ಲಿ ಕೂತುಬಿಟ್ರೆ ಹೊತ್ತು ಮುಳುಗೋದು ಗೊತ್ತಾಗ್ತಿರ್ಲಿಲ್ವಂತೆ. ಅಲ್ಲೇ ಈಜು ಕಲ್ತಿದ್ದು. ಆಮೇಲೆ ಕೆರೆ ಹಾಳಾಯ್ತು, ಬೇಲಿ ಬಂತು, ವಾಕಿಂಗ್ ಟ್ರ್ಯಾಕ್ ಬಂತು. ಹುಚ್ಚು ಮಾತ್ರ ಹಂಗೇ ಉಳ್ಕೊಂತು. ಯಾರ್ದೋ ತೋಟದ ಹೊಂಡ, ಯಾರ್ದೋ ಊರಿನ ಕಟ್ಟೆ ಅಂತ ಹುಡುಕ್ಕೊಂಡು ಹೋಗೋರು. ಹಿಂಗೇ ಒಂದಿನ ಮೈದುನ ಫೋನಲ್ಲಿ ಒಂದು ವಿಡಿಯೋ ತೋರಿಸ್ದ. ದೋಣೀಲಿ ಕರ್ಕೊಂಡು ಹೋಗ್ತಾರೆ, ಸಮುದ್ರದ ಮಧ್ಯ ನಿಲ್ಸಿ ಗಾಳ ಹಾಕ್ಸ್ತಾರೆ, ಬಂದ್ಮೇಲೆ ಅದೇ ಮೀನು ಹುರಿದು ಹಾಕ್ತಾರೆ. ಮದ್ವೆ ಸೀಸನ್ ಮುಗೀತಿದ್ದ ಹಾಗೆ ನಾಲ್ಕೂ ಜನ ಹೊರಟ್ವಿ. ಮಕ್ಕಳ್ನ ಅತ್ತೆ ಹತ್ರ ಬಿಟ್ವಿ.

ಉಡುಪಿ ದಾಟಿ ಸ್ವಲ್ಪ ಆಚೆ, ಸಣ್ಣ ಊರು. ದೋಣಿಯವ್ರ ಮನೇನೇ ಹೋಮ್‌ಸ್ಟೇ. ಅವ್ರು ದೋಣಿ ನೋಡ್ಕೋತಾರೆ, ಅವ್ರ ಹೆಂಡ್ತಿ ಅಡಿಗೆ. ನಮ್ಮ ವಯಸ್ಸೇ ಇಬ್ರಿಗೂ. ಬೆಳಕು ಹರಿಯೋ ಹೊತ್ತಿಗೆ ಗಂಡಸ್ರು ಹೋದ್ರು, ಬಿಸಿಲೇರಿದ್ಮೇಲೆ ವಾಪಸ್ ಬಂದ್ರು. ಮೈದುನನ ಮುಖ ಸುಣ್ಣ ಬಳಿದ ಹಾಗಿತ್ತು. ಹೋದಾಗಿಂದ ಬರೋವರ್ಗೂ ವಾಂತಿನೇ ಅಂತೆ.

ದೋಣಿಯವ್ರು ಇಳೀತಾ ಇಳೀತಾನೇ ನಮ್ಮೆದುರು ಶುರು ಮಾಡಿದ್ರು. 'ನಿಮ್ಮವ್ರು ಗಾಳ ಹಾಕಿದ್ದಲ್ಲ ಮಾರ್ರೆ, ಮೀನಿಗೆ ಊಟ ಬಡಿಸಿದ್ದು.'

ಮೈದುನ ಮರಳ ಮೇಲೆ ಕುಕ್ಕರಗಾಲಲ್ಲಿ ಕೂತ್ಕೊಂಡು, 'ಅಣ್ಣ, ಒಂದ್ಸಲ ನಮ್ಮ ಕೆರೆ ಹತ್ರ ಬನ್ನಿ. ಆ ವಾಸನೆಗೆ ನೀವು ದಡದಲ್ಲೇ ಬಡಿಸ್ತೀರ' ಅಂದ.

ಎಲ್ರೂ ನಕ್ವಿ. ಆ ಮನುಷ್ಯ ಒಳ್ಳೇವ್ರೋ ಕೆಟ್ಟೋರೋ ಅಂತ ಯಾರಾದ್ರೂ ಕೇಳಿದ್ರೆ ನನಗೆ ನೆನಪಾಗೋದು ಇಷ್ಟೇ. ಬಾಯಿ ಜೋರು, ಕೈಯಲ್ಲಿ ಯಾವಾಗ್ಲೂ ಫೋನು, ಎಲ್ಲಾದಕ್ಕೂ ಅರ್ಧ ಮಾತು.

ಮೀನು ಹಿಡಿಯೋದು ಬೆಳಿಗ್ಗೇನೇ ಮುಗೀತು. ಅಲ್ಲಿಂದಾಚೆ ಇಡೀ ದಿನ ಮಾಡೋದೇನು? ನಮ್ಮಂತೋರಿಗೆ ಅದೇ ನಿಜವಾದ ಟ್ರಿಪ್ಪು. ದೋಣಿಯವ್ರ ಹೆಂಡ್ತಿ ಹಿತ್ತಲಲ್ಲಿ ಕೂತು ಮೀನು ಹೆಚ್ಚೋದನ್ನ ನಾನೂ ಓರಗಿತ್ತೀನೂ ನೋಡ್ಕೊಂಡು ಕೂತ್ವಿ. ನಮ್ಮನೇಲಿ ಮಾರ್ಕೆಟ್ಟಲ್ಲೇ ಹೆಚ್ಚಿಸಿ ತರೋದು. ಮಸಾಲೆ ಸವರಿ ಹುರಿದಿದ್ದು, ಒಂದು ಸಾರು, ಕುಚ್ಚಲಕ್ಕಿ ಅನ್ನ. ಬೆಳಿಗ್ಗೆ ಕರುಳು ಬಾಯಿಗೆ ಬಂದಿದ್ದ ಮೈದುನ ಎರಡೆರಡು ಸಲ ಹಾಕಿಸ್ಕೊಂಡ. ಊಟ ಆದ್ಮೇಲೆ ಜಗಲೀಲಿ ಚಾಪೆ ಹಾಕಿ ರಮ್ಮಿ. ಅವನು ಎಲೆ ಕದೀತಾನೆ ಅಂತ ಎಲ್ರಿಗೂ ಗೊತ್ತು, ಆದ್ರೂ ಹಿಡಿಯಕ್ಕಾಗಲ್ಲ. ನಮ್ಮೆಜಮಾನ್ರು ಎರಡಾಟ ಸೋತು, ಟವಲ್ ಮುಖದ ಮೇಲೆ ಹಾಕ್ಕೊಂಡು ಮಲಗಿಬಿಟ್ರು.

ನಾವು ಹೆಂಗಸ್ರು ಪೇಟೆ ಕಡೆ ನಡ್ಕೊಂಡು ಹೋಗಿ ಗಡ್‌ಬಡ್ ತಿಂದ್ವಿ, ಎತ್ತರದ ಗ್ಲಾಸಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ ಎಲ್ಲಾ ಒಟ್ಟಿಗೆ. ವಾಪಸ್ ಬರೋವಾಗ ಒಂದು ವಿಷ್ಯ ನೋಡಿದೆ. ದೋಣಿಗಳ ನೆರಳಲ್ಲಿ ಆ ಊರಿನ ಗಂಡಸ್ರು ಗುಂಪಾಗಿ ಕೂತು ಇಸ್ಪೀಟ್ ಆಡ್ತಿದ್ರು. ಕೆಲವ್ರು ಬಲೆ ಮೇಲೇ ನಿದ್ದೆ ಹೊಡೀತಿದ್ರು. ಕೂತಿದ್ದೋರು ಅಷ್ಟೂ ಜನ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ರು. ಒಬ್ರೂ ನೀರಲ್ಲಿರ್ಲಿಲ್ಲ. ನಾನು ಓರಗಿತ್ತಿಗೆ, 'ನೋಡೇ, ನಮಗೆ ಚಿಕ್ಕಪೇಟೆ ಹೆಂಗೋ ಇವ್ರಿಗೆ ಸಮುದ್ರ ಹಂಗೆ, ಬೋರ್ ಹೊಡ್ದಿರುತ್ತೆ' ಅಂದೆ. ಅವಳು 'ಹೌದಕ್ಕ' ಅಂದು ಚಿಪ್ಪು ಆರಿಸ್ಕೊತಾ ಬಂದ್ಳು.

ಸಂಜೆ ವಾಲಿಬಾಲ್. ಹಳೇ ಮೀನಿನ ಬಲೇನೇ ಎರಡು ಕಂಬಕ್ಕೆ ಕಟ್ಟಿದ್ರು. ದಿನಾ ಆಡ್ತಾರಂತೆ ಅಲ್ಲಿಯವ್ರು. ಮೈದುನ ಕರೀದೇನೇ ಹೋಗಿ ಸೇರ್ಕೊಂಡ. ನಮ್ಮೆಜಮಾನ್ರನ್ನೂ ಎಳ್ಕೊಂಡ. ಹೊಟ್ಟೆ ಕುಣಿಸ್ಕೊಂಡು ಇಬ್ರೂ ಆಡೋದು ನೋಡಿ ಅಲ್ಲಿ ಯಾರೋ, 'ಬೆಂಗಳೂರು ಟೀಮಿಗೆ ಒಂದು ಕುರ್ಚಿ ಕೊಡಿ' ಅಂದ್ರು. ಮೈದುನ, 'ಕುರ್ಚಿ ನಮ್ದೇ ಬಿಸ್ನೆಸ್ಸು ಗುರು, ಎಷ್ಟು ಬೇಕು ಹೇಳು' ಅಂದ. ಅವನು ಸುಖವಾಗಿದ್ದ. ಅದನ್ನ ಬರೀಲೇಬೇಕು, ಯಾಕಂದ್ರೆ ಆಮೇಲೆ ಎಲ್ರೂ ಅವನ ಬಗ್ಗೆ 'ಅಯ್ಯೋ ಪಾಪ' ಅಂತ ಮಾತ್ರ ಮಾತಾಡಿದ್ರು.

ಆಟ ಮುಗೀತು. ಮೈಯೆಲ್ಲ ಬೆವರು, ಮರಳು. ಅಲ್ಲಿಯವ್ರು ಅವ್ರವ್ರ ಮನೆ ಬಾವಿ ಕಡೆ ಹೋದ್ರು. ಮೈದುನ ಶರ್ಟ್ ಬಿಚ್ಚಿ ನನ್ನ ಪಕ್ಕ ಎಸೆದು ನೀರಿನ ಕಡೆ ನಡೆದ. ನಾನು ಮಗುಚಿ ಹಾಕಿದ್ದ ದೋಣಿಗೆ ಒರಗಿ ಟೀ ಕುಡೀತಿದ್ದೆ. ಓರಗಿತ್ತಿ ಒಳಗೆ ಸ್ನಾನಕ್ಕೆ ಹೋಗಿದ್ಲು. ದೋಣಿಯವ್ರು ಅಲ್ಲೇ ನಿಂತು ಗಾಳದ ದಾರ ಸುತ್ತುತಾ, ಭುಜಕ್ಕೂ ಕಿವಿಗೂ ಮಧ್ಯ ಫೋನ್ ಸಿಕ್ಕಿಸ್ಕೊಂಡು ಯಾರ ಹತ್ರನೋ ಮಾತಾಡ್ತಿದ್ರು. ಮೈದುನ ಹೋಗೋದು ನೋಡಿ, ಪಕ್ಕದಲ್ಲಿದ್ದ ನಮ್ಮೆಜಮಾನ್ರಿಗೆ ಹೇಳಿದ್ರು.

'ಈಗ ಇಳಿತ ಮಾರ್ರೆ.'

ಅಷ್ಟೇ. ಅಂದು ಮತ್ತೆ ಫೋನಿಗೆ ಹೋದ್ರು.

ನಮ್ಮೆಜಮಾನ್ರು ತಿರುಗಿ ತಮ್ಮನಿಗೆ ಕೂಗಿದ್ರು. 'ನೀರು ಇಳೀತಂತೆ ಕಣೋ.'

ಅವನು ತಿರುಗದೇನೇ ಕೈ ಎತ್ತಿದ.

ಇದ್ಯಾಕೆ ಹಿಂಗಾಯ್ತು ಅಂತ ನಮ್ಮ ಏರಿಯಾದವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಬೇರೆಯವ್ರಿಗೆ ಹೇಳ್ತೀನಿ. ನಮ್ಮ ಬೀದಿ ಕೊನೇಲಿ ರಾಜಕಾಲುವೆ. ಜೋರು ಮಳೆ ಬಂದ್ರೆ ನೀರು ಗೇಟ್ ದಾಟಿ ಹಾಲ್‌ಗೇ ಬರುತ್ತೆ. ಕಾಟು, ಗ್ರೈಂಡರು, ಅಕ್ಕಿ ಡ್ರಮ್ಮು ಎಲ್ಲಾ ಮೇಲೆತ್ತಿ, ನಾವು ಮೈದುನನ ಮನೆ ಮೆಟ್ಟಿಲ ಮೇಲೆ ಕೂತಿರ್ತೀವಿ. ಉತ್ತರಹಳ್ಳಿ ನೆಂಟರಿಂದ, ತಿಲಕ್ ನಗರದ ನಮ್ಮ ತವರಿಂದ ಫೋನ್ ಬರ್ತಾನೇ ಇರುತ್ತೆ. ಎಲ್ರದ್ದೂ ಒಂದೇ ಪ್ರಶ್ನೆ, 'ನೀರು ಇಳೀತಾ?' ಇಳೀತು ಅಂದ್ರೆ ಮುಗೀತು, ಗಂಡಾಂತರ ಕಳೀತು, ಪೊರಕೆ ತಗೊಂಡು ಕೆಳಗೆ ಹೋಗ್ಬೋದು. ನಮ್ಮ ಬಾಯಲ್ಲಿ ಆ ಮಾತಿಗೆ ಬೇರೆ ಅರ್ಥನೇ ಇಲ್ಲ. ಅವತ್ತು ಕಣ್ಣಿಗೂ ಹಂಗೇ ಕಾಣಿಸ್ತಿತ್ತು. ಬೆಳಿಗ್ಗೆ ನೀರಿದ್ದ ಜಾಗದಲ್ಲಿ ಅಗಲಕ್ಕೆ ಒದ್ದೆ ಮರಳು. ನೀರು ದೂರ ಹೋಗಿತ್ತು. ಇಳೀತು ಅಂದ್ರೆ ಇಳ್ದೇ ಇದೆ ತಾನೆ.

ಮಂಡಿವರೆಗೆ ಹೋದ, ಸೊಂಟದವರೆಗೆ ಹೋದ, ಮುಳುಗಿ ಎದ್ದು ಕೂದಲು ಹಿಂದಕ್ಕೆ ತಳ್ಕೊಂಡ. ಅಲ್ಲೀವರೆಗೂ ನನಗೆ ಚೆನ್ನಾಗಿ ಕಾಣಿಸ್ತಿತ್ತು. ನಾನು ಟೀ ಲೋಟ ಕೆಳಗಿಟ್ಟು ತಲೆ ಎತ್ತೋ ಅಷ್ಟರಲ್ಲಿ ಅವನು ಸಣ್ಣಗಾಗಿದ್ದ. ದಡದ ಕಡೆ ಈಜ್ತಿದ್ದ, ಆದ್ರೆ ಹಿಂದಕ್ಕೆ ಹೋಗ್ತಿದ್ದ. ದೋಣಿಯವ್ರು ಫೋನ್ ಎಸೆದು ಓಡಿದ್ರು. 'ಅಡ್ಡ ಈಜಿ, ಅಡ್ಡ ಈಜಿ' ಅಂತ ಕೂಗ್ತಿದ್ರು. ಕೆರೇಲಿ ಕಲ್ತೋನಿಗೆ ಸೆಳೆತ ತಪ್ಪಿಸ್ಕೊಳಕ್ಕೆ ದಡದ ಉದ್ದಕ್ಕೆ ಅಡ್ಡ ಈಜೋದು ಎಲ್ಲಿ ಗೊತ್ತು? ಕೆರೇಲಿ ಸುಸ್ತಾದ್ರೆ ನೇರ ದಡಕ್ಕೆ ಬರೋದು. ಅವನು ನೇರಾನೇ ಬರ್ತಿದ್ದ. ನಮ್ಮೆಜಮಾನ್ರು ನೀರಿಗೆ ಬೀಳಕ್ಕೆ ಹೋದ್ರು, ವಾಲಿಬಾಲ್ ಆಡಿದೋರು ಓಡಿಬಂದು ನೆಲಕ್ಕೆ ಕೆಡವಿ ಹಿಡ್ಕೊಂಡ್ರು. ದೋಣಿ ಹೋಯ್ತು. ಕತ್ತಲಾಗೋವರ್ಗೂ ಸುತ್ತಿತು. ಮಾರನೇ ದಿನ ಬೆಳಿಗ್ಗೆ ಪಕ್ಕದೂರಿನ ದಡದಲ್ಲಿ ಸಿಕ್ಕಿದ.

ಅಲ್ಲಿಂದ ಎರಡನೇ ಕಥೆ. ನನ್ನನ್ನ ಕೇಳಿದ್ರೆ ಇದೇ ಮೊದಲ್ನೇದಕ್ಕಿಂತ ಕೆಟ್ಟದ್ದು.

ಉತ್ತರಹಳ್ಳಿಯಿಂದ ನಮ್ಮೆಜಮಾನ್ರ ಸೋದರಮಾವ ಕಾರು ಮಾಡ್ಕೊಂಡು ಬಂದ್ರು. ಊರಿನ ಪಂಚಾಯ್ತಿ ಎಲ್ಲಾ ಮಾಡೋರು, ಸ್ಟೇಷನ್ನು ಗೀಷನ್ನು ಅಭ್ಯಾಸ ಇರೋರು. ಸರ್ಕಾರಿ ಆಸ್ಪತ್ರೆ ಜಗಲೀಲಿ ಪೋಸ್ಟ್‌ಮಾರ್ಟಮ್‌ಗೆ ಕಾಯ್ತಾ ಕೂತಿದ್ವಿ. ಓರಗಿತ್ತಿ ನನ್ನ ತೊಡೆ ಮೇಲೆ ತಲೆ ಇಟ್ಕೊಂಡು ಮಲಗಿದ್ಲು, ಎಚ್ಚರ ಇತ್ತೋ ಇಲ್ವೋ ಗೊತ್ತಿಲ್ಲ.

ಸೋದರಮಾವ ನಮ್ಮೆಜಮಾನ್ರನ್ನ ಕೇಳಿದ್ರು. 'ಆ ದೋಣಿಯವನು ಏನಂದ ನಿನ್ನೆ?'

'ಇಳೀತು ಅಂತ ಏನೋ ಅಂದ್ರು ಮಾವ.'

'ಏನೋ ಅಂತೆಲ್ಲ ಹೇಳ್ಬೇಡ. ಇಳೀರಿ ಅಂದ ತಾನೆ?'

'ಇಳೀ... ಅಂದ್ರು. ನೀರು ಕಮ್ಮಿಯಾಗಿದೆ ಅನ್ನೋ ಥರ.'

'ಅದೇ ಕಣಪ್ಪ. ಇಳೀರಿ ಅಂದ. ನೀವು ನಂಬಿ ಇಳಿದ್ರಿ. ಊರು ಗೊತ್ತಿಲ್ದೋರನ್ನ ಇಳೀರಿ ಅಂದು ಕಳಿಸ್ದ. ಹಿಂಗೇ ಹೇಳು.'

ನಾನು ಅಂದೆ, 'ಮಾವ, ಅವ್ರು ಇಳೀರಿ ಅನ್ಲಿಲ್ಲ. ಇಳಿತ ಅಂದ್ರು.'

'ಎರಡಕ್ಕೂ ಏನಮ್ಮ ವ್ಯತ್ಯಾಸ? ನೀನು ಸುಮ್ನಿರು, ಗಂಡಸ್ರು ಮಾತಾಡ್ತಿದೀವಿ.'

ವ್ಯತ್ಯಾಸ ಏನು ಅಂತ ನನಗೂ ಗೊತ್ತಿರ್ಲಿಲ್ಲ. ಸದ್ದು ಮಾತ್ರ ಗೊತ್ತಿತ್ತು.

ಸ್ಟೇಷನ್ನಲ್ಲಿ ದೋಣಿಯವ್ರನ್ನ ಬೆಂಚ್ ಮೇಲೆ ಕೂರಿಸಿದ್ರು. ಹಿಂದಿನ ದಿನದ್ದೇ ಲುಂಗಿ. ಹೊರಗಡೆ ಅವ್ರ ಹೆಂಡ್ತಿ ನಮ್ಮ ಬ್ಯಾಗುಗಳ್ನ ತಂದು ಗೋಡೆಗೆ ಜೋಡಿಸಿ ನಿಂತಿದ್ರು. ಇನ್ಸ್‌ಪೆಕ್ಟರ್ರು ಆ ಕಡೆಯವ್ರೇ. ಅವಸರ ಮಾಡ್ಲಿಲ್ಲ.

'ಇವ ಹೇಳಿದ ಶಬ್ದ ಯಾವ್ದು? ಅದೇ ಶಬ್ದ ಹೇಳಿ.'

ನಮ್ಮೆಜಮಾನ್ರು ಸೋದರಮಾವನ ಕಡೆ ನೋಡಿದ್ರು. 'ಇಳೀರಿ ಅಂದ್ರು ಸಾರ್.'

ದೋಣಿಯವ್ರು ಬೆಂಚಿಂದ ಎದ್ರು. 'ನಾನು ಇಳೀರಿ ಅಂತ ಯಾಕೆ ಹೇಳ್ಲಿ?'

'ನೀನು ಕೂತ್ಕೋ. ಅಮ್ಮ, ನೀವೂ ಅಲ್ಲಿದ್ರಂತೆ. ನಿಮಗೇನು ಕೇಳಿದ್ದು?'

ಸೋದರಮಾವ ಕೆಮ್ಮಿದ್ರು. ನಾನು ಹೇಳ್ದೆ, 'ಈಗ ಇಳಿತ ಮಾರ್ರೆ, ಅಂದ್ರು ಸಾರ್. ಅಷ್ಟೇ ಅಂದಿದ್ದು. ಅದಕ್ಕೆ ಇವ್ರು ನೀರು ಇಳೀತಂತೆ ಅಂತ ನಮ್ಮ ಮೈದುನನಿಗೆ ಕೂಗಿ ಹೇಳಿದ್ರು.'

ಇನ್ಸ್‌ಪೆಕ್ಟರ್ರು ಪೆನ್ ಕೆಳಗಿಟ್ರು. ನನಗೆ ಹೇಳ್ಬೇಕೋ ನಮ್ಮೆಜಮಾನ್ರಿಗೆ ಹೇಳ್ಬೇಕೋ ಅಂತ ಸ್ವಲ್ಪ ನೋಡಿದ್ರು. ಕೊನೆಗೆ ಮೇಜಿಗೆ ಹೇಳಿದ ಹಾಗೆ ಹೇಳಿದ್ರು. 'ಇಳಿತ ಅಂದ್ರೆ ನೀರು ಹಿಂದೆ ಹೋಗುವ ಹೊತ್ತು. ಇಲ್ಲಿ ಆಗ ಒಳಗೆ ಎಳೀತದೆ. ನಮ್ಮ ಮಕ್ಕಳನ್ನೂ ಆ ಹೊತ್ತಿಗೆ ಬಿಡುದಿಲ್ಲ. ಇವ ಹೇಳಿದ್ದು ಬೇಡ ಅಂತ.'

ನಾನು ನಮ್ಮೆಜಮಾನ್ರ ಮುಖ ನೋಡ್ಲಿಲ್ಲ, ಕೈ ನೋಡ್ದೆ. ಕುರ್ಚಿ ಹಿಡಿ ಬಿಟ್ಟು ಮತ್ತೆ ಹಿಡ್ಕೊಂಡ್ರು. ಆಮೇಲೆ ಅವ್ರು ಕೇಳಿದ್ದು ದೋಣಿಯವ್ರನ್ನ.

'ಬೇಡ ಅಂತ್ಲೇ ಅನ್ಬೋದಿತ್ತಲ್ಲ ಅಣ್ಣ. ಬೇಡ ಅನ್ನಕ್ಕೇನಾಗಿತ್ತು ನಿಮಗೆ?'

ದೋಣಿಯವ್ರು ತಲೆ ತಗ್ಗಿಸಿದ್ರು. 'ಇಳಿತ ಅಂದ್ರೆ ಎಲ್ಲರಿಗೂ ಗೊತ್ತಾಗ್ತದೆ ಅಂತ' ಅಂದ್ರು.

ನಾನು ಹೇಳಿದ್ದನ್ನ ಬರ್ಕೊಂಡ್ರು. ನಮ್ಮೆಜಮಾನ್ರೂ ಇಳೀರಿ ಅನ್ನೋದನ್ನ ವಾಪಸ್ ತಗೊಂಡ್ರು. ದೋಣಿಯವ್ರನ್ನ ಬಿಟ್ರು. ಸೋದರಮಾವ ಹೊರಗೆ ಬಂದು ನನ್ನ ಜೊತೆ ಮಾತಾಡ್ಲಿಲ್ಲ, ಇವತ್ತಿಗೂ ಆಡಲ್ಲ. ಆ ಪದದ ಅರ್ಥ ಮೊದ್ಲೇ ಗೊತ್ತಿದ್ದಿದ್ರೆ, ಅದು ನನ್ನ ಗಂಡನ ತಲೆ ಮೇಲೆ ಬಂದು ಕೂರುತ್ತೆ ಅಂತ ಗೊತ್ತಿದ್ದಿದ್ರೆ, ಹಿಂಗೇ ಹೇಳ್ತಿದ್ನಾ? ಹೇಳ್ತಿದ್ದೆ ಅನ್ಕೊಂಡಿದೀನಿ. ಗ್ಯಾರಂಟಿ ಕೊಡಲ್ಲ.

ನಮಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು, ದೊಡ್ಡ ಸೊಸೆ ಸ್ಟೇಷನ್ನಲ್ಲಿ ದೋಣಿಯವ್ರ ಕಡೆ ಸೇರ್ಕೊಂಡ್ಳು ಅಂತ. ಕಾರ್ಯ ಎಲ್ಲಾ ಮುಗಿದು ನೆಂಟರು ಹೋದ್ಮೇಲೆ ಅತ್ತೆ ನನ್ನನ್ನ ಕರೆದ್ರು. ಬೈತಾರೆ ಅನ್ಕೊಂಡು ಹೋದೆ. ಬೈಲಿಲ್ಲ, ಮೆಲ್ಲಗೇ ಅಂದ್ರು. 'ಒಬ್ಬ ಮಗ ನೀರಲ್ಲಿ ಹೋದ. ಇನ್ನೊಬ್ಬನ ತಲೆ ಮೇಲೆ ನೀನು ಅವನ ಹೆಣ ಹೊರಿಸ್ದೆಯಲ್ಲೇ.' ಅವತ್ತಿಂದ ಅವ್ರ ಅಡಿಗೆ ಅವ್ರೇ ಮಾಡ್ಕೋತಾರೆ, ಅದೇ ಅಡಿಗೆಮನೇಲಿ, ನಾನು ಆಚೆ ಬಂದ್ಮೇಲೆ.

ನಮ್ಮೆಜಮಾನ್ರು ನನಗೆ ಒಂದು ಮಾತೂ ಅನ್ಲಿಲ್ಲ. ಅಂದಿದ್ರೆ ಜಗಳ ಆಡ್ಬೋದಿತ್ತು. ಅವ್ರಿಗೆ ಬೇರೆ ಥರ ಹಿಡ್ಕೊಂತು. ಅಂಗಡೀಲಿ ಗಿರಾಕಿ ಬಂದು ಅರ್ಧ ಇಂಚಿನ ಪೈಪ್ ಎಲ್ಬೋ ಕೊಡಿ ಅಂದ್ರೆ, 'ಏನಂದ್ರಿ?' ಅಂತಾರೆ. ಮತ್ತೆ ಹೇಳಿದ್ರೆ, 'ಅರ್ಧ ಇಂಚು ತಾನೆ? ಎಲ್ಬೋ ಅಂದ್ರೆ ಬೆಂಡು ತಾನೆ?' ಅಂತಾರೆ. ಮೊಳೆ ಕೇಳಿದ್ರೂ ಹಂಗೇ. ಪಕ್ಕದ ಅಂಗಡಿಯವ್ರು ನನ್ನನ್ನ ಕರೆದು, 'ಅಕ್ಕ, ಅಣ್ಣನಿಗೆ ಕಿವಿ ಮಂದ ಆಗಿದೆ, ತೋರಿಸಿ' ಅಂದ್ರು. ಜಯನಗರಕ್ಕೆ ಕರ್ಕೊಂಡು ಹೋದೆ. ಹೆಡ್‌ಫೋನ್ ಹಾಕಿ ಟೆಸ್ಟ್ ಮಾಡಿ, ಡಾಕ್ಟ್ರು, 'ಏನೂ ತೊಂದ್ರೆ ಇಲ್ಲ, ಚೆನ್ನಾಗೇ ಕೇಳುತ್ತೆ' ಅಂದ್ರು. ಇವ್ರು ಅದನ್ನೂ ಎರಡು ಸಲ ಕೇಳಿದ್ರು.

ಓರಗಿತ್ತಿಗೆ ನಿಜ ಗೊತ್ತಿರ್ಲಿಲ್ಲ. ಸೋದರಮಾವ ಹೇಳಿದ್ದನ್ನೇ ನಂಬಿದ್ಲು, ದೋಣಿಯವನು ಇಳಿಸ್ದ, ಅಕ್ಕ ಬಿಡಿಸಿದ್ರು ಅಂತ. ಅಷ್ಟಾದ್ರೂ ನನ್ನ ಜೊತೆ ಮಾತು ಬಿಟ್ಟಿರ್ಲಿಲ್ಲ, ಅದು ಅವಳ ದೊಡ್ಡತನ. ಹೋದ ತಿಂಗಳು ಟೆರೇಸಲ್ಲಿ ಬಟ್ಟೆ ಒಣಗಿಸ್ತಾ ಕೇಳಿದ್ಲು.

'ಅಕ್ಕ, ಅವತ್ತು ಅವ್ರು ನೀರಿಗೆ ಹೋಗ್ತಿದ್ದಾಗ ಯಾರೋ ಕೂಗಿದ್ದು ನನಗೆ ಬಚ್ಚಲುಮನೆಗೆ ಕೇಳಿಸ್ತು. ಯಾರದು?'

'ನಿಮ್ಮ ಭಾವ.'

'ಏನಂತ?'

ಹೇಳ್ದೆ. ದೋಣಿಯವ್ರು ಅಂದಿದ್ದು, ಇವ್ರು ಕೂಗಿದ್ದು, ಎರಡೂ ಹೇಳ್ದೆ. ಅವಳು ಕೈಯಲ್ಲಿದ್ದ ಮಗಳ ಯೂನಿಫಾರ್ಮಿಗೆ ಕ್ಲಿಪ್ ಹಾಕಿದ್ಲು. ಬಕೆಟಲ್ಲಿ ಇನ್ನೂ ಅರ್ಧ ಬಟ್ಟೆ ಇತ್ತು. ಬಿಟ್ಟು ಕೆಳಗೆ ಹೋದ್ಲು. ಅದನ್ನ ನಾನೇ ಒಣಗಿಸಿ ಬಂದೆ.

ಈಗ ಅವಳು ನಮ್ಮೆಜಮಾನ್ರ ಎದುರು ಬರಲ್ಲ. ಸ್ಕೂಟರ್ ಸದ್ದು ಕೇಳಿದ್ರೆ, ಮೆಟ್ಟಿಲು ಇಳೀತಿದ್ರೂ ಅಲ್ಲೇ ತಿರುವಲ್ಲಿ ನಿಂತುಬಿಡ್ತಾಳೆ, ಅವ್ರು ಒಳಗೆ ಹೋಗಿ ಬಾಗಿಲು ಹಾಕೋವರ್ಗೂ. ಇವ್ರಿಗೂ ಗೊತ್ತು. ಚಪ್ಪಲಿ ಬಿಡಕ್ಕೂ ನಿಲ್ಲಲ್ಲ, ಕಾಲಲ್ಲೇ ಹಾಕ್ಕೊಂಡು ಸರಸರ ಒಳಗೆ ಬರ್ತಾರೆ, ಅವಳು ಜಾಸ್ತಿ ಹೊತ್ತು ನಿಲ್ಬಾರ್ದು ಅಂತ.

ಇದನ್ನ ಹಾಕೋಕ್ಕೆ ಮುಂಚೆ ಅವ್ರಿಗೆ ಓದಿ ಹೇಳ್ದೆ. ನಡುವೆ ಒಂದ್ಸಲಾನೂ 'ಏನಂದೆ' ಅಂತ ಕೇಳ್ಲಿಲ್ಲ. ಅವ್ರು ಕೂಗಿದ ಮಾತು ಬಂದಾಗ ನಾನೇ ನಿಲ್ಸಿ, 'ಬೇಕಾದ್ರೆ ಇದನ್ನ ತೆಗೀತೀನಿ' ಅಂದೆ.

'ತೆಗೀಬೇಡ. ನಾನಂದಿದ್ದು ನಾನಂದ ಹಾಗೇ ಇರ್ಲಿ. ಮಾವ ಇನ್ನೂ ಆ ದೋಣಿಯವ್ರೇ ಸಾಯ್ಸಿದ್ದು ಅಂತ ಹೇಳ್ಕೊಂಡು ತಿರುಗ್ತಾನೆ' ಅಂದ್ರು. ಅಷ್ಟಂದು ಟಿವಿ ಹಾಕ್ಕೊಂಡ್ರು. ಸೌಂಡ್ ಕೊಡ್ಲಿಲ್ಲ.

ನಿಮ್ಮ ಮನೇಲೂ ಇಂಥದ್ದೇನಾದ್ರೂ ಆಗಿದ್ರೆ ಕೆಳಗೆ ಬರೀರಿ. ನೀರೇ ಆಗ್ಬೇಕಂತಿಲ್ಲ. ಯಾರು ಏನು ಹೇಳಿದ್ರು, ನೀವು ಏನು ಕೇಳಿಸ್ಕೊಂಡ್ರಿ, ಅದು ಯಾರ ತಲೆ ಮೇಲೆ ಬಂತು. ಸಮಾಧಾನ ಹೇಳೋದು ಬೇಡ, ಕೈಮುಗಿಯೋ ಗುರುತೂ ಬೇಡ. ಆಗಿದ್ದನ್ನ ಆದ ಹಾಗೆ ಬರೀರಿ. ನಾನು ಇವ್ರಿಗೆ ಓದಿ ಹೇಳ್ತೀನಿ.